ಗಾಡಿ ಎಳೆಯುವ ಹುಡುಗರು, ಸಾಲಾಗಿ ನಿಲ್ಲುವ ಹುಡುಗರು

ಆಫೀಸಿನಲ್ಲಿ ಊಟದ ಹೊತ್ತಿಗೆ ಜೊತೆಗೆ ಕೆಲಸ ಮಾಡುವ ಹುಡುಗಿಯೊಬ್ಬಳು ಕೇಳಿದಳು: "ನೀವು ಓದುವಾಗ ನಿಮ್ಮ ರೆಕ್ಟರ್ ಯಾರಾಗಿದ್ದರು? ಯಾರಿಗೆ ಓಟು ಹಾಕಿದ್ರಿ?" ಆಕೆ ಓದಿದ್ದು ಸ್ಕಾಟ್‌ಲೆಂಡಿನ ಸೇಂಟ್ ಆಂಡ್ರ್ಯೂಸ್ ಯೂನಿವರ್ಸಿಟಿಯಲ್ಲಿ; ರೆಕ್ಟರ್ ಅಂದರೆ ಅಲ್ಲಿನ ಒಂದು ದೊಡ್ಡ ಹುದ್ದೆ. ನಾನಿರುವ ಡಂಡಿಯಿಂದ ಟೇ ನದಿ ದಾಟಿದರೆ ಬಸ್ಸಿನ ದಾರಿ. ನನಗೆ ಏನು ಹೇಳಬೇಕೋ ತೋಚಲಿಲ್ಲ. ನಾನು ಓದಿದ ಯೂನಿವರ್ಸಿಟಿಯ ಕುಲಪತಿಗಳ ಹೆಸರು ನನಗೆ ಗೊತ್ತಾಗಿದ್ದೇ ಡಿಗ್ರಿ ಸರ್ಟಿಫಿಕೇಟ್ ಕೈಗೆ ಬಂದಮೇಲೆ. ಅದೂ ಸಹಿ, ಸರಿಯಾಗಿ ಓದಲಿಕ್ಕೂ ಆಗುತ್ತಿರಲಿಲ್ಲ.

ಕುಲಪತಿಗಳನ್ನು ಕಣ್ಣಾರೆ ಕಂಡಿದ್ದು ಒಂದೇ ಸಲ. ನಮ್ಮ ಕಾಲೇಜಿಗೆ ಬರುತ್ತಾರೆ ಅಂತ ಹಿಂದಿನ ದಿನವೇ ಕಾಂಪೌಂಡಿಗೆ ಸುಣ್ಣ ಬಿತ್ತು. ಗೇಟಿನಿಂದ ಸ್ಟೇಜಿನ ತನಕ ರಂಗೋಲಿ. ಹೆಣ್ಣುಮಕ್ಕಳು ರೇಷ್ಮೆ ಸೀರೆ ಉಟ್ಟು, ಪೂರ್ಣಕುಂಭ ಹಿಡಿದು ಹತ್ತು ಗಂಟೆಗೇ ಬಿಸಿಲಲ್ಲಿ ನಿಂತಿದ್ದರು. ನಾವು ಹುಡುಗರು ಎರಡು ಸಾಲು. ಕಾರು ಬಂದಿದ್ದು ಒಂದು ಗಂಟೆ ದಾಟಿದಮೇಲೆ. ಪೇಟ, ಶಾಲು, ಹಣ್ಣಿನ ಬುಟ್ಟಿ, ಪ್ರಾಂಶುಪಾಲರ ಉದ್ದದ ಸ್ವಾಗತ ಭಾಷಣ. ಕುಲಪತಿಗಳು ಶಿಸ್ತಿನ ಬಗ್ಗೆ ಹತ್ತು ನಿಮಿಷ ಮಾತಾಡಿ ಹೊರಟೇಬಿಟ್ಟರು. ನಮ್ಮಲ್ಲಿ ಒಬ್ಬನ ಜೊತೆಗೂ ಒಂದು ಮಾತಿಲ್ಲ.

ಸೇಂಟ್ ಆಂಡ್ರ್ಯೂಸ್‌ನಲ್ಲಿ ರೆಕ್ಟರ್‌ರನ್ನು ಆರಿಸುವವರು ವಿದ್ಯಾರ್ಥಿಗಳೇ. ಮೂರು ವರ್ಷಕ್ಕೊಮ್ಮೆ ಚುನಾವಣೆ. ಗೆದ್ದವರು ಯೂನಿವರ್ಸಿಟಿಯ ಆಡಳಿತ ಮಂಡಳಿಯ ಸಭೆಗೆ ಅಧ್ಯಕ್ಷರು. ಸುಮ್ನೆ ಹಾರ ಹಾಕಿಸಿಕೊಳ್ಳುವ ಕುರ್ಚಿ ಅಲ್ಲ. ನನಗೆ ಜಾಸ್ತಿ ಇಷ್ಟವಾಗಿದ್ದು ಆಮೇಲಿನ ಗಲಾಟೆ. ಹೊಸ ರೆಕ್ಟರ್‌ರನ್ನು ಒಂದು ಸಾರೋಟಿನಲ್ಲಿ ಕೂರಿಸುತ್ತಾರೆ, ಕುದುರೆ ಕಟ್ಟುವುದಿಲ್ಲ. ಹುಡುಗ ಹುಡುಗಿಯರೇ ಹಗ್ಗ ಹಿಡಿದು ಊರೆಲ್ಲ ಎಳೆಯುತ್ತಾರೆ. ದಾರಿಯಲ್ಲಿ ಅಲ್ಲಲ್ಲಿ ನಿಲ್ಲಿಸಿ ಕೈಗೆ ಉಡುಗೊರೆ, ಕುಡಿಯಲಿಕ್ಕೆ ಏನಾದರೂ ಕೊಡುತ್ತಾರೆ. ಯೂನಿವರ್ಸಿಟಿ ಶುರುವಾಗಿದ್ದು 1413ರಲ್ಲಿ, ಸ್ಕಾಟ್‌ಲೆಂಡಿನಲ್ಲೇ ಹಳೆಯದು. ಅಷ್ಟು ವಯಸ್ಸಾದ ಸಂಸ್ಥೆ ತನ್ನ ದೊಡ್ಡ ಮನುಷ್ಯರನ್ನು ಬೀದಿಯಲ್ಲಿ ಹೀಗೆ ಎಳೆದಾಡಿಸುತ್ತೆ ಅಂದರೆ ನಮ್ಮೂರಲ್ಲಿ ಯಾರು ನಂಬುತ್ತಾರೆ?

ಹೀಗೆ ಓಟು ಪಡೆದು ಬಂದವರಲ್ಲಿ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಇದ್ದಾರೆ. ಈಸ್ಟ್ ಇಂಡಿಯಾ ಕಂಪನಿಯಲ್ಲಿ 35 ವರ್ಷ ನೌಕರಿ ಮಾಡಿದವರು. 1867ರಲ್ಲಿ ರೆಕ್ಟರ್ ಆಗಿ ಭಾಷಣಕ್ಕೆ ನಿಂತವರು ಮೂರು ಗಂಟೆ ಮಾತಾಡಿದರಂತೆ. (ನಮ್ಮ ಸಮಾರಂಭದ ಮುಖ್ಯ ಅತಿಥಿಗಳು ಇದನ್ನು ಓದಿ ಹುರುಪುಗೊಳ್ಳದಿರಲಿ.) ಧ್ರುವ ಪ್ರದೇಶ ಸುತ್ತಿ ಬಂದ ನಾನ್ಸೆನ್, ರೇಡಿಯೋದ ಮಾರ್ಕೋನಿ ಕೂಡ ರೆಕ್ಟರ್ ಆಗಿದ್ದರು. 1970ರಲ್ಲಿ ಹುಡುಗರು ಟಿವಿಯಲ್ಲಿ ನಗಿಸುತ್ತಿದ್ದ ಜಾನ್ ಕ್ಲೀಸ್‌ರನ್ನೇ ಗೆಲ್ಲಿಸಿದರು.

ಹೊಗಳಿಕೊಳ್ಳಲು ಹೆಸರಿಲ್ಲದೆ ಹೀಗೆ ಮಾಡುತ್ತಾರೆ ಅಂದುಕೊಳ್ಳಬೇಡಿ. ಪಿಯುಸಿಯಲ್ಲಿ ಕ್ಲಾರ್ಕ್ಸ್ ಟೇಬಲ್ ಹಿಡಿದು ಲಾಗರಿದಮ್ ಹುಡುಕಿದವರೆಲ್ಲ ಮನಸ್ಸಲ್ಲೇ ಬೈದುಕೊಂಡಿರುವ, ಆ ಲಾಗರಿದಮ್ ಕಂಡುಹಿಡಿದ ಜಾನ್ ನೇಪಿಯರ್ 1563ರಲ್ಲಿ ಇಲ್ಲಿಗೆ ಸೇರಿದಾಗ ಹದಿಮೂರರ ಹುಡುಗ. ಎದೆನೋವಿಗೆ, ಬಿಪಿಗೆ ಕೊಡುವ ಪ್ರೊಪ್ರನಲಾಲ್ ಮಾತ್ರೆ ಕಂಡುಹಿಡಿದು 1988ರಲ್ಲಿ ನೊಬೆಲ್ ಪಡೆದ ಜೇಮ್ಸ್ ಬ್ಲಾಕ್ ಡಾಕ್ಟರ್ ಓದಿದ್ದೂ ಇಲ್ಲೇ. ಇಲ್ಲೇ ಓದಿ ಜೋಡಿಯಾದ ರಾಜಕುಮಾರ ವಿಲಿಯಂ ಮತ್ತು ಕೇಟ್ ಕಥೆಯಂತೂ ಒಂದು ಕೆಫೆಯ ಕಿಟಕಿ ಮೇಲೇ ಬರೆದಿದೆ. ಪ್ಯಾಟ್ರಿಕ್ ಹ್ಯಾಮಿಲ್ಟನ್ ಎಂಬ ತರುಣ ವಿದ್ವಾಂಸನನ್ನು ಚರ್ಚಿನವರು 1528ರಲ್ಲಿ ಸುಟ್ಟ ಜಾಗದಲ್ಲಿ ನೆಲದ ಕಲ್ಲಲ್ಲಿ ಅವನ ಹೆಸರಿನ ಎರಡು ಅಕ್ಷರ ಇವೆ, ಪಿ ಮತ್ತು ಎಚ್. ತುಳಿದರೆ ಪರೀಕ್ಷೆಯಲ್ಲಿ ಫೇಲು ಅಂತ ನಂಬಿಕೆ. ಹುಡುಗರು ಫೋನ್ ನೋಡುತ್ತಾ ಬಂದರೂ ಅಲ್ಲಿಗೆ ಸರಿಯಾಗಿ ಕಾಲು ಪಕ್ಕಕ್ಕೆ ಹಾಕುತ್ತಾರೆ. ಆ ದೋಷಕ್ಕೆ ಪರಿಹಾರವೂ ಇದೆ: ಮೇ ಒಂದರ ಬೆಳಗಿನ ಜಾವ ಕೊರೆಯುವ ಸಮುದ್ರದಲ್ಲಿ ಮುಳುಗಬೇಕು. ಪರೀಕ್ಷೆಗೆ ಮುಂಚೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದ ನಾವು ನಗುವ ಹಾಗಿಲ್ಲ ಬಿಡಿ.

ಗಾಡಿ ಎಳೆಯುವುದು ನಮಗೇನು ಹೊಸದಲ್ಲ. 1921ರಲ್ಲಿ ರಾಧಾಕೃಷ್ಣನ್ ಮಹಾರಾಜ ಕಾಲೇಜು ಬಿಟ್ಟು ಕಲ್ಕತ್ತೆಗೆ ಹೊರಟಾಗ ಹೂವಿನಿಂದ ಸಿಂಗರಿಸಿದ ಗಾಡಿಯನ್ನು ಶಿಷ್ಯರೇ ಸ್ಟೇಷನ್ ತನಕ ಎಳೆದ ಕಥೆ ಕೇಳದ ಮೈಸೂರಿನವರುಂಟೇ? ಯಾರೂ ಸುತ್ತೋಲೆ ಕಳಿಸಿ ಎಳೆಸಿದ್ದಲ್ಲ. ನಮ್ಮ ಹುಡುಗರಲ್ಲಿ ಆ ಪ್ರೀತಿ ಆಗ ಇತ್ತು, ಈಗಲೂ ಇರಬೇಕು. ಆದರೆ ಈಗ ಅವರನ್ನು ಕೇಳುವವರಾರು? ಕುಲಪತಿಗಳನ್ನು ಶೋಧನಾ ಸಮಿತಿ ಸೂಚಿಸುತ್ತೆ, ರಾಜ್ಯಪಾಲರು ನೇಮಿಸುತ್ತಾರೆ. ಕಾಲೇಜು ಚುನಾವಣೆ ನಿಂತು ಮೂವತ್ತು ವರ್ಷದ ಮೇಲಾಯಿತು. ಹದಿನೆಂಟಕ್ಕೆ ಪ್ರಧಾನಿಯನ್ನು ಆರಿಸಲು ಲಾಯಕ್ಕಾದವನು ತನ್ನ ಯೂನಿವರ್ಸಿಟಿಯಲ್ಲಿ ಸಾಲಲ್ಲಿ ನಿಲ್ಲಲು ಮಾತ್ರ ಲಾಯಕ್ಕು.

ಇದನ್ನೆಲ್ಲ ಊರಿಗೆ ಫೋನ್ ಮಾಡಿ ಹೇಳಿದಾಗ ಭಾವ ಸುಮ್ಮನಿರಲಿಲ್ಲ. ಅವರು ಮೇಷ್ಟ್ರು. "ಓಟಿಲ್ಲದೆ ಬಂದವರೇ ಅಲ್ವೇನಪ್ಪ ಮೈಸೂರು ಯೂನಿವರ್ಸಿಟಿ ಕುಲಪತಿ ಬ್ರಜೇಂದ್ರನಾಥ ಸೀಲರು? 1956ರಲ್ಲಿ ಕುವೆಂಪು ಕುಲಪತಿ ಆದದ್ದು ಯಾವ ಚುನಾವಣೆಯಲ್ಲಿ ಗೆದ್ದು?" ಅಂದರು. ಒಪ್ಪಬೇಕಾದ ಮಾತೇ. ಮಾನಸಗಂಗೋತ್ರಿಯನ್ನು ಕಟ್ಟಲು ಯಾರೂ ಬ್ಯಾಲೆಟ್ ಪೆಟ್ಟಿಗೆ ಇಟ್ಟಿರಲಿಲ್ಲ. ಇಲ್ಲೂ ದಿನದ ಆಡಳಿತ ನಡೆಸುವುದು ಪ್ರಿನ್ಸಿಪಾಲರು, ಅವರನ್ನು ಹುಡುಗರು ಆರಿಸುವುದಿಲ್ಲ. ಇನ್ನೂ ಒಂದಿದೆ, ಹೇಳಲು ಮನಸ್ಸಿಲ್ಲ, ಆದರೂ ಹೇಳುತ್ತೇನೆ: ವಿದ್ಯಾರ್ಥಿಗಳ ಓಟು ಶುರುವಾಗಿದ್ದು ಹತ್ತೊಂಬತ್ತನೇ ಶತಮಾನದ ನಡುವಿಗೆ, ಮೊದಲ ಹೆಂಗಸು ರೆಕ್ಟರ್ ಆಗಿದ್ದು 1982ರಲ್ಲಿ. ಅದಕ್ಕೆ ಮುಂಚೆ ಗೆದ್ದವರಲ್ಲಿ 'ಜಂಗಲ್ ಬುಕ್' ಬರೆದ ಕಿಪ್ಲಿಂಗ್ ಇದ್ದರು. ಬಿಳಿಯರೇ ನಮ್ಮನ್ನು ಆಳಬೇಕು ಅಂತ ನಂಬಿದ್ದ ಮನುಷ್ಯ.

ಹುಡುಗರ ಕೈಗೆ ಓಟು ಕೊಟ್ಟರೆ ಮಾರನೇ ದಿನವೇ ಜಾತಿ ಸಂಘದ ಫ್ಲೆಕ್ಸ್ ಏಳುತ್ತೆ, ಇಲ್ಲದಿದ್ದರೆ ಯಾವನೋ ಸಿನಿಮಾದವನನ್ನು ತಂದು ಕೂರಿಸುತ್ತಾರೆ ಅನ್ನುವುದು ಭಾವನ ವಾದ. ಕೂರಿಸಲಿ. ಕ್ಲೀಸ್ ಆದಮೇಲೂ ಇಲ್ಲಿನವರು ನಗಿಸುವವರನ್ನೇ ಮೂರು ಸಲ ಸಾಲಾಗಿ ಗೆಲ್ಲಿಸಿದರು: ಕೋರೆನ್, ಮುಯಿರ್, ಬ್ರೂಕ್-ಟೇಲರ್. ಯೂನಿವರ್ಸಿಟಿ ಏನೂ ಮುಳುಗಿಹೋಗಲಿಲ್ಲ.