ಸ್ಪಷ್ಟನೆ: ಗಾಡ್‌ಸ್ಪೀಡ್ ಕಛೇರಿಯಲ್ಲಿ ಓಡುವುದು ವಿಡಿಯೋ ಅಲ್ಲ, ಫಿಲ್ಮ್

‘ಗಾಡ್‌ಸ್ಪೀಡ್ ಯು! ಬ್ಲ್ಯಾಕ್ ಎಂಪರರ್ ಕಛೇರಿಯಲ್ಲಿ ವೇದಿಕೆಯ ಹಿಂಬದಿ ಪರದೆಯಲ್ಲಿ ಓಡುವುದು ಕಂಪ್ಯೂಟರ್ ವಿಡಿಯೋ. ಸಂಗೀತವೂ ಅರ್ಧ ರೆಕಾರ್ಡಿಂಗ್. ಹಾಡುಗಾರರೇ ಇಲ್ಲ ಅಂದ್ಮೇಲೆ ಯಾರಿಗೆ ಗೊತ್ತಾಗುತ್ತೆ?’ ಎಂಬ ಮಾತು ಪೋಸ್ಟ್-ರಾಕ್ (ರಾಕ್ ವಾದ್ಯಗಳಲ್ಲೇ, ಹೆಚ್ಚಾಗಿ ಹಾಡಿಲ್ಲದೆ, ಉದ್ದನೆಯ ಸಂಗೀತ ಕಟ್ಟುವ ಶೈಲಿ) ಅಭಿಮಾನಿಗಳ ನಡುವೆ ಓಡಾಡುತ್ತಿದೆ. ಇದು ಸರಿಯಲ್ಲ.

ಕೆನಡಾದ ಮಾಂಟ್ರಿಯಲ್‌ನ ಈ ವಾದ್ಯಸಂಗೀತ ತಂಡ ತೋರಿಸುವುದು 16 ಎಂಎಂ ಫಿಲ್ಮ್. ಸಾಲಾಗಿ ಇಟ್ಟ ಪ್ರೊಜೆಕ್ಟರ್‌ಗಳ ಹತ್ತಿರ ಒಬ್ಬರು ನಿಂತಿರುತ್ತಾರೆ. ತುದಿಗಳನ್ನು ಅಂಟಿಸಿ ಬಳೆಯಂತೆ ಮಾಡಿದ ಫಿಲ್ಮ್ ತುಂಡುಗಳನ್ನು ಒಂದಾದ ಮೇಲೊಂದು ಹಾಕುತ್ತಾರೆ, ತೆಗೆಯುತ್ತಾರೆ. ಸಂಗೀತ ಎತ್ತ ಹೋಗುತ್ತದೋ ಚಿತ್ರವೂ ಅತ್ತ. ಸಾಮಾನ್ಯವಾಗಿ ಕಛೇರಿ ಶುರುವಾಗುವುದು ಒಂದೇ ಸ್ವರದ ಉದ್ದನೆಯ ಮೊರೆತದಿಂದ. ಆಗ ಕತ್ತಲಲ್ಲಿ ‘ಹೋಪ್’ (ಭರವಸೆ) ಎಂಬ ಪದ ನಡುಗುತ್ತಾ ಮೂಡುತ್ತದೆ. ಅದು ಫಿಲ್ಮ್ ಮೇಲೆ ಕೈಯಲ್ಲೇ ಗೀಚಿದ್ದು, ಅದಕ್ಕೇ ಅಷ್ಟು ಜೀವ. ಆ ಕ್ಷಣಕ್ಕೆ ಜನ ಸುಮ್ನೆ ಉಸಿರು ಹಿಡಿದು ನಿಲ್ಲುತ್ತಾರಲ್ವಾ, ಅದನ್ನು ನಕಲಿ ಅನ್ನೋದು ನನಗಂತೂ ನೋವಿನ ಮಾತು.

ನುಡಿಸುವವರು ಎಂಟು ಜನ: ಮೂರು ಗಿಟಾರ್, ಎರಡು ಬೇಸ್, ಒಂದು ಪಿಟೀಲು, ಇಬ್ಬರು ಡ್ರಮ್ ಬಾರಿಸುವವರು. ಗೊಂದಲ ಹುಟ್ಟಿದ್ದು ಬಹುಶಃ ಮಾತಿನ ತುಣುಕುಗಳಿಂದ. 1997ರ ಮೊದಲ ಎಲ್‌ಪಿ ತಟ್ಟೆಯಿಂದಲೂ ಅವರ ಸಂಗೀತದಲ್ಲಿ ಬೇರೆಯವರ ಮಾತು, ಬೀದಿಯ ಸದ್ದು ಸೇರಿಕೊಂಡಿವೆ. ಅವು ರೆಕಾರ್ಡಿಂಗ್, ನಿಜ. ವಾದ್ಯಗಳು ಹಾಗಲ್ಲ.

‘ತಂಡ ಮುರಿದುಬಿದ್ದಿದೆ’ ಎಂಬುದೂ ಹಳೇ ಸುದ್ದಿ. 2003ರಲ್ಲಿ ಬಿಡುವು ತೆಗೆದುಕೊಂಡವರು 2010ರಲ್ಲೇ ವೇದಿಕೆಗೆ ಮರಳಿದ್ದಾರೆ.