ವೆಜ್ ಮೈಕ್ರೋಸ್ಕೋಪಿಗೆ ಜೈ!

‘ವೆಜಿಟೇಟಿವ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿ’ಯ ಕಥೆ ಕೇಳಿದ್ದೀರಾ? ಎಲೆಕ್ಟ್ರಾನ್ ಮೈಕ್ರೋಸ್ಕೋಪಿ ಇದೆ, ಎಲೆಕ್ಟ್ರಾನ್ ಕಿರಣ ಹಾಯಿಸಿ ಅತಿ ಸಣ್ಣದನ್ನು ನೋಡುವ ವಿಧಾನ. ಅದರ ‘ವೆಜಿಟೇಟಿವ್’ ಅವತಾರ ಮಾತ್ರ ಭೂಮಿ ಮೇಲೆ ಇಲ್ಲ. ಆದರೂ ಇಪ್ಪತ್ತಕ್ಕೂ ಹೆಚ್ಚು ಸಂಶೋಧನಾ ಪ್ರಬಂಧಗಳಲ್ಲಿ ಅದು ಆರಾಮಾಗಿ ಕಾಲು ಚಾಚಿ ಕೂತಿದೆ. 1959ರ ಒಂದು ಲೇಖನವನ್ನು ಸ್ಕ್ಯಾನ್ ಮಾಡುವಾಗ ಒಂದು ಕಾಲಮ್ಮಿನ ‘ವೆಜಿಟೇಟಿವ್’ ಪಕ್ಕದ ಕಾಲಮ್ಮಿನ ‘ಎಲೆಕ್ಟ್ರಾನ್ ಮೈಕ್ರೋಸ್ಕೋಪಿ’ಗೆ ಅಂಟಿಕೊಂಡಿತು. ‘ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿ’ ಅಂತ ನಿಜವಾದ ವಿಧಾನ ಒಂದಿದೆ; ಪರ್ಷಿಯನ್ ಲಿಪಿಯಲ್ಲಿ ಆ ‘ಸ್ಕ್ಯಾನಿಂಗ್’ಗೂ ‘ವೆಜಿಟೇಟಿವ್’ಗೂ ಒಂದೇ ಚುಕ್ಕೆಯ ವ್ಯತ್ಯಾಸ, ಅಲ್ಲಿಂದಲೂ ಬಂದಿರಬಹುದು ಅಂತಾರೆ. ಎಲ್ಲಿಂದಾದರೂ ಬರಲಿ. ಬರೆದವರು ಓದಲಿಲ್ಲ, ಪರಿಶೀಲಿಸಿದವರು ಓದಲಿಲ್ಲ, ಸಂಪಾದಕರು ಓದಲಿಲ್ಲ. ಒಬ್ಬ ದೊಡ್ಡ ಪ್ರಕಾಶಕರಂತೂ, ‘ಸಸ್ಯರಚನೆಗಳ ಎಲೆಕ್ಟ್ರಾನ್ ಮೈಕ್ರೋಸ್ಕೋಪಿ ಅನ್ನುವುದನ್ನು ಚುಟುಕಾಗಿ ಹೇಳಿದ್ದಾರೆ’ ಎಂಬ ಅರ್ಥದಲ್ಲಿ ಮೊದಲು ಸಮರ್ಥಿಸಿಕೊಂಡರು. ಎಂಥಾ ಮಮತೆ! ಹೆತ್ತ ತಾಯಿಯೂ ಮಗನ ತಪ್ಪನ್ನು ಇಷ್ಟು ಅಂದವಾಗಿ ಮುಚ್ಚಲಾರಳು.

ಹೋಗಲಿ, ಬಯೋಮೆಡಿಕಲ್ ಎಂಜಿನಿಯರಿಂಗಿನ ಪ್ರಬಂಧಗಳಲ್ಲಿ ನಿಜವಾಗಿ ಇರುವ ವಸ್ತುವನ್ನೇ ಹುಡುಕೋಣ. ಬಯೋಮೆಡಿಕಲ್ ಎಂಜಿನಿಯರಿಂಗ್ ಅಂದಮೇಲೆ ಪಿಸಿಎಲ್ ಬಾರದೆ ಇರುತ್ತಾ? ಪಾಲಿಕ್ಯಾಪ್ರೊಲ್ಯಾಕ್ಟೋನ್. ದೇಹದೊಳಗೆ ನಿಧಾನಕ್ಕೆ ಕರಗುವ ಪ್ಲಾಸ್ಟಿಕ್. ಅದರ ಜಾಲರಿ ಮಾಡಿ ಮೇಲೆ ಜೀವಕೋಶ ಬೆಳೆಸುತ್ತಾರೆ. ಸರ್ಚ್ ಪೆಟ್ಟಿಗೆಯಲ್ಲಿ ಪಿಸಿಎಲ್ ಅಂತ ಹೊಡೆದರೆ ಮೊಣಕಾಲು ಬರುತ್ತದೆ. ಯಾಕಂದ್ರೆ ಮೊಣಕಾಲಿನ ಹಿಂಬದಿಯ ಅಸ್ಥಿರಜ್ಜು, ಪೋಸ್ಟೀರಿಯರ್ ಕ್ರೂಸಿಯೇಟ್ ಲಿಗಮೆಂಟ್, ಅದೂ ಪಿಸಿಎಲ್ಲೇ. ಪ್ಲಾಸ್ಟಿಕ್ ಬೇಕಾದವನಿಗೆ ಮೂಳೆ ಡಾಕ್ಟರ ಆಪರೇಷನ್, ಮೂಳೆ ಡಾಕ್ಟರಿಗೆ ಪ್ಲಾಸ್ಟಿಕ್. ಇವರಿಬ್ಬರಾದರೂ ಹೇಗೋ ಬದುಕಿಕೊಳ್ಳುತ್ತಾರೆ. ಪಿಸಿಎಲ್‌ನಿಂದ ಪಿಸಿಎಲ್ ಬೆಳೆಸಲು ಹೊರಟ ಮೂರನೆಯವನೊಬ್ಬ ಇದ್ದಾನೆ. ಆ ಪುಣ್ಯಾತ್ಮ ಎರಡು ಸಲ ಹೊಡೆದರೆ, ಪಾಪ ತೊದಲುತ್ತಿದ್ದಾನೆ ಅಂದುಕೊಂಡು ಯಂತ್ರ ಒಂದನ್ನೇ ಲೆಕ್ಕಕ್ಕೆ ತಗೊಳ್ಳುತ್ತದೆ.

ಇನ್ನು ಸೋತ ಹೃದಯಕ್ಕೆ ರಕ್ತ ತಳ್ಳಲು ನೆರವಾಗುವ ಪಂಪು. ವೈದ್ಯಕೀಯ ಪ್ರಬಂಧ ಹುಡುಕುವ ಪಬ್‌ಮೆಡ್‌ನಲ್ಲಿ ಅದು ‘ಹಾರ್ಟ್-ಅಸಿಸ್ಟ್ ಡಿವೈಸಸ್’ ಎಂಬ ಶಿಸ್ತಾದ ತಲೆಬರಹದ ಕೆಳಗಿದೆ. ಎಂಜಿನಿಯರ್‌ಗಳು ಅದನ್ನೇ ‘ರೋಟರಿ ಬ್ಲಡ್ ಪಂಪ್’ ಅಂತ ಬರೆದು ತಮ್ಮ ಪ್ರಬಂಧ ಭಂಡಾರವಾದ ಐಟ್ರಿಪಲ್‌ಇ ಎಕ್ಸ್‌ಪ್ಲೋರ್‌ನಲ್ಲಿ ಇಟ್ಟಿರುತ್ತಾರೆ. ಎರಡೂ ಕಡೆ ಕೂತು, ಗೊತ್ತಿರುವ ಹೆಸರುಗಳನ್ನೆಲ್ಲ ‘ಆರ್’, ಅಂದರೆ ‘ಅಥವಾ’, ಹಾಕಿ ಪೋಣಿಸಿ, ಆವರಣಚಿಹ್ನೆ ಒಂದು ತೆರೆದದ್ದು ಎಲ್ಲಿ ಮುಚ್ಚಿದೆ ಅಂತ ತಡಕಾಡುತ್ತಾ ಇರಬೇಕು. ವೈದ್ಯರನ್ನೂ ಎಂಜಿನಿಯರ್‌ಗಳನ್ನೂ ಒಂದು ಮಾಡಲೆಂದೇ ಹುಟ್ಟಿದ ವಿಷಯ ಈ ಬಯೋಮೆಡಿಕಲ್ ಎಂಜಿನಿಯರಿಂಗ್, ನೆನಪಿರಲಿ.

ಅಂತೂ ಪ್ರಬಂಧ ಸಿಕ್ಕಿತು ಅನ್ನಿ. ಸಾರಾಂಶದಲ್ಲಿ ಗಾಯ ಮಾಯವಾಗಿದೆ, ಮೂಳೆ ಕೂಡಿದೆ. ಯಾರ ಮೂಳೆ ಅಂತ ಕೇಳಬಾರದು. ಅದು ಇಲಿಯದ್ದು ಅನ್ನುವುದು ಒಳಗೆ, ಮೂರನೇ ಪುಟದಲ್ಲಿ. ಒಳಗೆ ಹೋಗಲು ಮೂವತ್ತರಿಂದ ನಲವತ್ತು ಡಾಲರ್ ಬಿಚ್ಚಬೇಕು. ಸಂಶೋಧನೆಗೆ ಎಷ್ಟೋ ಸಲ ಸಾರ್ವಜನಿಕರ ತೆರಿಗೆ ದುಡ್ಡು. ಬರೆದವನಿಗೆ ಪ್ರಕಾಶಕರು ಕಾಸು ಕೊಡುವುದಿಲ್ಲ, ಪರಿಶೀಲಿಸುವವನದ್ದು ಸಾಮಾನ್ಯವಾಗಿ ಬಿಟ್ಟಿ ಚಾಕರಿ. ಮಧ್ಯೆ ಗೇಟು ಹಾಕಿ ನಿಂತವರಿಗೆ ಮಾತ್ರ ಸಂಗ್ರಹ. ಈ ವ್ಯವಹಾರ ಕಂಡುಹಿಡಿದವರಿಗೆ ಒಂದು ನೊಬೆಲ್ ಸಲ್ಲಬೇಕು, ಸುಮ್ನೆ ಹೇಳ್ತಿಲ್ಲ.

ದುಡ್ಡು ಕೊಟ್ಟಿರಿ, ಓದಿದಿರಿ. ಕೊನೆಯಲ್ಲಿ ಒಂದು ಸಾಲು: ಸಕಾರಣವಾಗಿ ಕೇಳಿದರೆ ದತ್ತಾಂಶ ಕೊಡಲಾಗುವುದು. ಹೀಗೆ ‘ಕೊಡ್ತೀವಿ’ ಎಂದು ಬರೆದಿದ್ದ 1,792 ಪ್ರಬಂಧಗಳ ಲೇಖಕರನ್ನು ಕೆಲವರು ನಿಜಕ್ಕೂ ಕೇಳಿಯೇ ಬಿಟ್ಟರು. ಆ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಕೊಟ್ಟವರು 122. ಉಳಿದವರ ಪಾಲಿಗೆ ಕೇಳಿದ ಕಾರಣ ಸಕಾರಣವಾಗಿರಲಿಲ್ಲವೇನೋ.

ತಪ್ಪು ತಿದ್ದಿಕೊಳ್ಳುವುದೇ ಇಲ್ಲ ಅಂತಲ್ಲ. 2024ರ ಫೆಬ್ರವರಿಯಲ್ಲಿ ಎಐ ಬರೆದ ಇಲಿಯ ಚಿತ್ರವೊಂದು ಜರ್ನಲ್‌ನಲ್ಲಿ ಬಂತಲ್ಲ, ಇಲಿಗಿಂತ ಅದರ ಜನನಾಂಗವೇ ದೊಡ್ಡದು, ಪಕ್ಕದಲ್ಲಿ ‘ಟೆಸ್ಟ್‌ಟಾಮ್‌ಸೆಲ್ಸ್’ ಅಂತ ಅರ್ಥವೇ ಇಲ್ಲದ ಪದ, ಅದಕ್ಕೊಂದು ಬಾಣದ ಗುರುತು. ವಾರ ತುಂಬುವುದರೊಳಗೆ ಪ್ರಬಂಧವನ್ನೇ ವಾಪಸ್ ತೆಗೆದುಕೊಂಡರು. ಜಗತ್ತೇ ಬಿದ್ದು ಬಿದ್ದು ನಕ್ಕಿತು ನೋಡಿ, ಮರ್ಯಾದೆಯ ಪ್ರಶ್ನೆ.

ನಗು ಬಾರದ ಪ್ರಬಂಧಗಳಿಗೆ ಈ ಅವಸರ ಇಲ್ಲ. 2011ರಲ್ಲಿ ಪಾವೊಲೊ ಮಕ್ಕಿಯಾರಿನಿ ಎಂಬ ಶಸ್ತ್ರವೈದ್ಯರು ಪ್ಲಾಸ್ಟಿಕ್ ಶ್ವಾಸನಾಳಕ್ಕೆ ಕಾಂಡಕೋಶ (ಸ್ಟೆಮ್ ಸೆಲ್) ಲೇಪಿಸಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ರೋಗಿಗೆ ಜೋಡಿಸಿದರು. ಅದೇ ವರ್ಷ ಹೆಸರಾಂತ ವೈದ್ಯಕೀಯ ಜರ್ನಲ್ ಲ್ಯಾನ್ಸೆಟ್‌ನಲ್ಲಿ ಪ್ರಬಂಧ ಬಂತು. ಆ ಆಸ್ಪತ್ರೆಯಲ್ಲಿ ಅಂಥ ನಾಳ ಹಾಕಿಸಿಕೊಂಡ ಮೂವರೂ ಸತ್ತರು. 2014ರಲ್ಲಿ ಜೊತೆಗಿದ್ದ ವೈದ್ಯರೇ ದೂರು ಕೊಟ್ಟರು. ಪ್ರಬಂಧ ವಾಪಸ್ಸಾದದ್ದು 2018ರಲ್ಲಿ. ಏಳು ವರ್ಷ! ಆ ಏಳು ವರ್ಷದಲ್ಲಿ ಹೆಚ್ಚಿನ ಕಾಲ ‘ಕೃತಕ ಶ್ವಾಸನಾಳ’ ಹುಡುಕಿದವರಿಗೆ ಅದು ಲ್ಯಾನ್ಸೆಟ್‌ನ ಮೊಹರಿನ ಸಮೇತ, ಗೆದ್ದ ಪ್ರಯೋಗವಾಗಿಯೇ ಸಿಗುತ್ತಿತ್ತು. 2023ರಲ್ಲಿ ಸ್ವೀಡನ್ನಿನ ಮೇಲ್ಮನವಿ ನ್ಯಾಯಾಲಯ ಮಕ್ಕಿಯಾರಿನಿಗೆ ಎರಡೂವರೆ ವರ್ಷ ಜೈಲು ವಿಧಿಸಿತು. ಇದರಲ್ಲಿ ತಮಾಷೆ ಮಾಡಲು ನನಗೆ ಏನೂ ಸಿಗುತ್ತಿಲ್ಲ. ಸತ್ತ ರೋಗಿಗಳ ಸುದ್ದಿ ಪತ್ರಿಕೆ ಓದುವವನಿಗೆ ಗೊತ್ತಿತ್ತು, ಪ್ರಬಂಧ ಓದುವವನಿಗೆ ಗೊತ್ತಿರಲಿಲ್ಲ. ಸಾಕಾಗಿ ಹೋಗಿದೆ.

ಈಗ ಹುಡುಕಿದರೆ ಅದರ ಮೇಲೆ ‘ಹಿಂಪಡೆಯಲಾಗಿದೆ’ ಎಂಬ ಪಟ್ಟಿ ಕಾಣುತ್ತದೆ, ಒಪ್ಪಿದೆ. ಆದರೆ ಮುಂಚೆಯೇ ಇಳಿಸಿಕೊಂಡು ಫೋಲ್ಡರಿನಲ್ಲಿ ಇಟ್ಟ ಪಿಡಿಎಫ್‌ಗೆ ಪಟ್ಟಿ ತಾನಾಗಿ ಬಂದು ಅಂಟಿಕೊಳ್ಳುತ್ತಾ? ಝೋಟೆರೊ ಎಂಬ ಬಿಟ್ಟಿ ತಂತ್ರಾಂಶ 2019ರಿಂದ ಆ ಕೆಲಸ ಮಾಡುತ್ತಿದೆ. ನಿಮ್ಮ ಸಂಗ್ರಹದಲ್ಲಿ ಹಿಂಪಡೆದ ಪ್ರಬಂಧ ಇದ್ದರೆ ಎಚ್ಚರಿಸುತ್ತದೆ. ನಲವತ್ತು ಡಾಲರ್ ಎಣಿಸಿಕೊಂಡವರ ಹತ್ತಿರ ನಿಮ್ಮ ಇಮೇಲ್ ಇದೆ, ಕಾರ್ಡಿನ ವಿವರ ಇದೆ. ‘ನಾವು ನಿಮಗೆ ಮಾರಿದ್ದು ಕೆಟ್ಟ ಮಾಲು, ಕ್ಷಮಿಸಿ, ದುಡ್ಡು ವಾಪಸ್’ ಎಂಬ ಒಂದು ಸಾಲು ಯಾರಿಗಾದರೂ ಬಂದಿದೆಯೇ? ‘ನಿಮಗೆ ಇವೂ ಇಷ್ಟವಾಗಬಹುದು’ ಎಂಬ ಮೇಲ್ ಮಾತ್ರ ತಪ್ಪದೆ ಬರುತ್ತದೆ.