ಸ್ಪಷ್ಟನೆ: ಫರ್ಗುಸನ್ ಬಂದ ವರ್ಷವೇ ಲೀಗ್ ಗೆದ್ದಿರಲಿಲ್ಲ

ಸುಂಟಿಕೊಪ್ಪ, ಸಿದ್ದಾಪುರ ಕಡೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ, ಇಂಗ್ಲೆಂಡಿನ ಫುಟ್‌ಬಾಲ್ ತಂಡ ಮ್ಯಾಂಚೆಸ್ಟರ್ ಯುನೈಟೆಡ್‌ನ ಹಿಂದಿನ ಮ್ಯಾನೇಜರ್ (ಮುಖ್ಯ ತರಬೇತುದಾರ) ಅಲೆಕ್ಸ್ ಫರ್ಗುಸನ್ ಬಗ್ಗೆ ಒಂದು ಸಂದೇಶ ಓಡಾಡುತ್ತಿದೆ. ‘ಅಲೆಕ್ಸ್ ಫರ್ಗುಸನ್ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದ ಮೊದಲ ವರ್ಷವೇ ಲೀಗ್ ಗೆದ್ದರು. ನಿಜವಾದ ಅಭಿಮಾನಿಗಳು ಮ್ಯಾನೇಜರ್ ವಿರುದ್ಧ ಎಂದೂ ಬಾಯಿ ಬಿಟ್ಟಿರಲಿಲ್ಲ’ ಎಂಬುದು ಅದರ ಸಾರ. ಎರಡೂ ಮಾತು ತಪ್ಪು.

ಫರ್ಗುಸನ್ ಬಂದದ್ದು 1986ರ ನವೆಂಬರ್‌ನಲ್ಲಿ. ಮೊದಲ ಕಪ್ ಸಿಕ್ಕಿದ್ದು 1990ರ ಮೇನಲ್ಲಿ: ಎಫ್‌ಎ ಕಪ್ (ಸೋತವರು ಹೊರಬೀಳುವ ಇಂಗ್ಲೆಂಡಿನ ಟೂರ್ನಿ) ಫೈನಲ್ 3-3ರಲ್ಲಿ ನಿಂತು, ಮರುಪಂದ್ಯದಲ್ಲಿ ಲೀ ಮಾರ್ಟಿನ್ ಹೊಡೆದ ಒಂದೇ ಗೋಲಿನಿಂದ ಕ್ರಿಸ್ಟಲ್ ಪ್ಯಾಲೆಸ್ ಸೋತಿತು. ಲೀಗ್, ಅಂದರೆ ಋತುವಿಡೀ ಅಂಕಗಳ ಮೇಲೆ ನಡೆಯುವ ಟೂರ್ನಿ, ಕೈಗೆ ಬಂದದ್ದು 1993ರಲ್ಲಿ.

ನಡುವಿನ ದಿನಗಳು ಬಹಳ ಕಹಿ. 1989ರ ಸೆಪ್ಟೆಂಬರ್‌ನಲ್ಲಿ ಪಕ್ಕದ ಮ್ಯಾಂಚೆಸ್ಟರ್ ಸಿಟಿ ಕೈಯಲ್ಲಿ 5-1ರ ಸೋಲು. ಡಿಸೆಂಬರ್‌ನಲ್ಲಿ ಸ್ವಂತ ಮೈದಾನದ ಗ್ಯಾಲರಿಯಲ್ಲೇ ಬ್ಯಾನರ್ ಎದ್ದಿತು. ‘ಮೂರು ವರ್ಷ ಬರೀ ನೆಪ, ಆಟ ಮಾತ್ರ ಇನ್ನೂ ದರಿದ್ರ, ಹೋಗಿ ಬನ್ನಿ ಫರ್ಗಿ’ ಎಂಬ ಅರ್ಥದ ಬರಹ ಅದರಲ್ಲಿತ್ತು. ಆ ಋತುವಿನಲ್ಲಿ ತಂಡ ಲೀಗ್‌ನಲ್ಲಿ 13ನೇ ಸ್ಥಾನಕ್ಕಿಳಿಯಿತು.

ಹಾಗೆಂದು ಸೋಲುವ ಪ್ರತಿ ಮ್ಯಾನೇಜರ್ ಮುಂದೆ ಫರ್ಗುಸನ್ ಆಗುತ್ತಾರೆ ಎಂದು ನಾನು ಹೇಳುತ್ತಿಲ್ಲ. ಆದರೆ ತೋಟದ ಕೆಲಸ ಮುಗಿಸಿ, ಮಳೆಗೆ ಕರೆಂಟ್ ಹೋದರೂ ಮೊಬೈಲ್‌ನಲ್ಲಿ ನಡುರಾತ್ರಿಯವರೆಗೆ ಮ್ಯಾಚ್ ನೋಡುವ ನಮ್ಮ ಹುಡುಗರು ಸಿಟ್ಟಾದರೆ, ಅವರನ್ನು ‘ನಕಲಿ ಅಭಿಮಾನಿ’ ಎನ್ನುವುದು ಅನ್ಯಾಯ. ಆ ಬ್ಯಾನರ್ ಹಿಡಿದವರೂ ಟಿಕೆಟ್ ಕೊಂಡು ಬಂದಿದ್ದ ಯುನೈಟೆಡ್‌ನವರೇ. ಸಂದೇಶ ಕಳಿಸಿದವರು ದಯವಿಟ್ಟು ಅದನ್ನು ಅಳಿಸಿ, ಈ ಇಸವಿಗಳನ್ನು ಅದೇ ಗುಂಪಿಗೆ ಹಾಕಿ.